ಬಾಗಿಲು ತೆರೆದಿಟ್ಟ ಖಜಾನೆ

ಯಾವುದಾದರೊಂದು ಕಚೇರಿಯ ದಫ್ತರವು ಕಳುವಾಯಿತೆಂದು ಸುದ್ದಿ ಬಂದಾಗ ಕಳ್ಳನ ಚಾತುರ್ಯವನ್ನು ಕುರಿತು ಬೆರಗುಪಡುವುದು ಜನಸ್ವಭಾವ. ಈಗಿನ ದಫ್ತರಗಳು ಕಾಗದದ ಕಟ್ಟುಗಳಲ್ಲ. ಡೇಟಾಬೇಸು ಎಂಬ ಹೆಸರಿನಿಂದ ಗಣಕಯಂತ್ರಗಳೊಳಗೆ ಇರುವಂಥವು. ಅವು ಪರರ ಪಾಲಾದುವೆಂದು ಕೇಳಿದೊಡನೆ ಸಮುದ್ರದಾಚೆಯ ಯಾವನೋ ಮಾಯಾವಿಯನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ಆದರೆ ಇಂಥ ಅನರ್ಥಗಳಲ್ಲಿ ಅನೇಕವನ್ನು ವಿಚಾರಿಸಿ ನೋಡಿದರೆ ಅಲ್ಲಿ ಮಾಯೆಯೂ ಇಲ್ಲ, ಮಂತ್ರವೂ ಇಲ್ಲ. ಬಾಗಿಲು ತೆರೆದಿತ್ತು, ದಾರಿಹೋಕನು ಒಳಗೆ ಬಂದನು. ಇಷ್ಟೇ. ಈ ಬಾಗಿಲುಗಳು ಯಾವುವು, ತೆರೆದಿಡುವವರು ಯಾರು, ಮುಚ್ಚತಕ್ಕ ಹೊಣೆ ಯಾರದು ಎಂಬುದನ್ನು ವಾಚಕರ ಮುಂದೆ ಇಡುವುದು ಅವಶ್ಯವೆಂದು ನಮಗೆ ತೋರುತ್ತದೆ.

ಇಂಟರ್ನೆಟ್ಟಿಗೆ ಸೇರಿದ ಯಂತ್ರಕ್ಕೆ ಒಂದು ವಿಳಾಸವುಂಟು. ಅದು ಕಚೇರಿಯ ಕಟ್ಟಡವಿದ್ದಂತೆ. ಒಂದೇ ಕಟ್ಟಡದಲ್ಲಿ ಟಪಾಲು ಕೊಡುವ ಕಿಟಕಿ ಬೇರೆ, ಹಣ ಕಟ್ಟುವ ಕಿಟಕಿ ಬೇರೆ, ನಕಲು ಪಡೆಯುವ ಕಿಟಕಿ ಬೇರೆ ಇರುವ ಹಾಗೆ, ಯಂತ್ರದೊಳಗಣ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ದ್ವಾರಗಳಿವೆ. ಇವಕ್ಕೆ ಪೋರ್ಟುಗಳೆಂದು ಹೆಸರು. ಇವುಗಳ ಸಂಖ್ಯೆ 65,535ರ ವರೆಗೆ ಹೋಗುತ್ತದೆ. 1023ರ ವರೆಗಿನವು ಸರ್ವವಿದಿತವಾದ ಕೆಲಸಗಳಿಗೆ ಮೀಸಲಾದುವು. ಯಾವ ಸಂಖ್ಯೆಯು ಯಾವ ಕೆಲಸಕ್ಕೆಂಬ ಪಟ್ಟಿಯನ್ನು ಐಯಾನಾ ಎಂಬ ಸಂಸ್ಥೆಯು ಇಟ್ಟುಕೊಂಡು ಬಂದಿದೆ. ನಾವು ಬ್ಯಾಂಕಿನ ಜಾಲಪುಟವನ್ನು ತೆರೆದಾಗ ಸಾಮಾನ್ಯವಾಗಿ ತಟ್ಟುವುದು 443ನೆಯ ಬಾಗಿಲನ್ನು. ಆದರೆ ಒಂದು ಮಾತು ನೆನಪಿರಲಿ: ಸಂಖ್ಯೆಯು ಬಾಗಿಲಿನ ಮೇಲಿನ ಫಲಕವೇ ಹೊರತು ಬೀಗವಲ್ಲ.

ಈ ಬಾಗಿಲುಗಳಲ್ಲಿ ಎರಡು ಬಗೆಯವು ವಿಶೇಷ ವಿಚಾರಕ್ಕೆ ಯೋಗ್ಯವಾದುವು. ಮೊದಲನೆಯದು, ದೂರದಲ್ಲಿ ಕುಳಿತು ಯಂತ್ರಕ್ಕೆ ಆಜ್ಞೆ ಮಾಡುವ ಅಧಿಕಾರಿಯು ಪ್ರವೇಶಿಸುವ ಬಾಗಿಲು. ಇದನ್ನು ರಿಮೋಟ್ ಶೆಲ್ ಎನ್ನುತ್ತಾರೆ. ಹಿಂದೆ ಈ ಕೆಲಸಕ್ಕೆ 23ನೆಯ ಸಂಖ್ಯೆಯ ಟೆಲ್ನೆಟ್, 513ರ ಆರ್‌ಲಾಗಿನ್, 514ರ ಆರ್‌ಎಸ್‌ಎಚ್ ಎಂಬಿವು ಬಳಕೆಯಲ್ಲಿದ್ದುವು. ಟೆಲ್ನೆಟ್ಟಿನಲ್ಲಿ ಗುಪ್ತಪದವು ತೆರೆದ ಅಂಚೆಯ ಕಾರ್ಡಿನಂತೆ ದಾರಿಯುದ್ದಕ್ಕೂ ಎಲ್ಲರಿಗೂ ಕಾಣುವಂತೆ ಸಾಗುತ್ತಿತ್ತು. ಆರ್‌ಎಸ್‌ಎಚ್‌ನ ಪದ್ಧತಿಯು ಇನ್ನೂ ವಿಚಿತ್ರವಾದುದು: ನೆರೆಯ ಯಂತ್ರದಿಂದ ಬಂದವನೆಂದು ಹೇಳಿಕೊಂಡರೆ ಗುಪ್ತಪದವನ್ನು ಸಹ ಕೇಳದೆ ಒಳಗೆ ಬಿಡಬಹುದಾಗಿತ್ತು. ವಿಶ್ವವಿದ್ಯಾಲಯಗಳ ವಿದ್ವಾಂಸರು ಪರಸ್ಪರ ಪರಿಚಿತರಾಗಿದ್ದ ಕಾಲದ ಸೌಜನ್ಯವಿದು. ಆ ಸೌಜನ್ಯದ ಬೆಲೆಯು 1988ರ ನವೆಂಬರು 2ರಂದು ತಿಳಿಯಿತು. ಅಮೆರಿಕದ ವಿದ್ಯಾರ್ಥಿಯೊಬ್ಬನು ಬಿಟ್ಟ ಪ್ರೋಗ್ರಾಮು ಬೇರೆ ಉಪಾಯಗಳೊಡನೆ ಈ ನಂಬಿಕೆಯ ಬಾಗಿಲನ್ನೂ ಉಪಯೋಗಿಸಿ ಯಂತ್ರದಿಂದ ಯಂತ್ರಕ್ಕೆ ಹಬ್ಬಿತು. ಆಗಿನ ಅಂದಾಜಿನಂತೆ ಸುಮಾರು 6,000 ಯಂತ್ರಗಳು ಅದಕ್ಕೆ ತುತ್ತಾದುವು.

ಇದಾದ ಏಳು ವರ್ಷಗಳಿಗೆ ಪರಿಹಾರವು ದೊರೆಯಿತು. ಅದೂ ದೊಡ್ಡ ಸರಕಾರದಿಂದಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಗುಪ್ತಪದಗಳನ್ನು ಕದ್ದುಕೇಳುತ್ತಿದ್ದುದು ಬಯಲಾದಾಗ, ಅಲ್ಲಿಯೇ ಸಂಶೋಧನೆ ನಡೆಯಿಸುತ್ತಿದ್ದ ತಾತು ಯ್ಲೋನೆನ್ ಎಂಬವರು, ಬೀಗಮುದ್ರೆಯೊಳಗೆ ಮಾತನಾಡುವ ಎಸ್‌ಎಸ್‌ಎಚ್ ಎಂಬ ಸಾಧನವನ್ನು 1995ರಲ್ಲಿ ರಚಿಸಿದರು. ಕಡತಗಳನ್ನು ಸಾಗಿಸುವ ಎಫ್‌ಟಿಪಿಗೆ 21, ಟೆಲ್ನೆಟ್ಟಿಗೆ 23. ನಡುವಣ 22 ಖಾಲಿಯಿತ್ತು. ಅವರು ಐಯಾನಾಕ್ಕೆ ಪತ್ರ ಬರೆದು ಬೇಡಿದರು, ಮರುದಿನವೇ ಅನುಗ್ರಹವಾಯಿತು. ಅರ್ಜಿಯು ಮೇಜಿನಿಂದ ಮೇಜಿಗೆ ತಿಂಗಳುಗಟ್ಟಲೆ ಅಲೆಯುವುದನ್ನು ಕಂಡ ನಮಗೆ ಇದು ಕಟ್ಟುಕಥೆಯಂತೆ ತೋರಿದರೆ ಆಶ್ಚರ್ಯವಲ್ಲ! ಇಂದು ಲೋಕದ ಅಸಂಖ್ಯಾತ ಯಂತ್ರಗಳನ್ನು ದೂರದಿಂದ ನಡೆಯಿಸುವವರು ಈ 22ನೆಯ ಬಾಗಿಲಿನಿಂದಲೇ ಹೋಗಿ ಬರುತ್ತಿರುವರು.

ಎರಡನೆಯ ಬಗೆಯ ಬಾಗಿಲುಗಳು ಡೇಟಾಬೇಸುಗಳವು. ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರಿಗೆ 1433, ಒರಾಕಲ್‌ಗೆ 1521, ಮಾಂಗೋಡಿಬಿಗೆ 27017 ಎಂಬುದು ರೂಢಿ. ಇವುಗಳ ಹಿಂದೆ ಇರುವುದೇನು? ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ರೋಗಿಯ ಗುಟ್ಟು, ಮಕ್ಕಳ ಅಂಕಪಟ್ಟಿ, ರೈತನ ಹಿಡುವಳಿ. ನಮ್ಮ ರಾಜ್ಯದ ಪಹಣಿಗಳು ಭೂಮಿ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿ ಎರಡು ದಶಕಗಳು ಮೀರಿವೆ. ತಾಲೂಕು ಕಚೇರಿಗೆ ಜನರು ಬಂದು ಹೋಗುವ ಬಾಗಿಲೊಂದು ಇರಲೇಬೇಕು, ಸರಿ. ಆದರೆ ಖಜಾನೆಯ ಕೋಣೆಗೆ ನೇರವಾಗಿ ಬೀದಿಯಿಂದ ಬಾಗಿಲಿಡುವ ಅಮಲ್ದಾರನನ್ನು ಯಾರಾದರೂ ಕಂಡಿದ್ದಾರೆಯೇ? ಡೇಟಾಬೇಸಿನ ದ್ವಾರವನ್ನು ಇಂಟರ್ನೆಟ್ಟಿನ ಬೀದಿಗೆ ತೆರೆದಿಡುವುದೆಂದರೆ ಇದೇ.

ಹಾಗೆ ಇಟ್ಟವರು ವಿರಳವೆಂದು ಸಮಾಧಾನಪಡುವ ಹಾಗಿಲ್ಲ. 2003ರ ಜನವರಿ 25ರಂದು ಸ್ಲಾಮರ್ ಎಂಬ ಹುಳುವು, ಎಸ್‌ಕ್ಯೂಎಲ್ ಸರ್ವರಿನಲ್ಲಿ ವಿಚಾರಿಸಿದವರಿಗೆ ದಾರಿ ಹೇಳುವ 1434ನೆಯ ಬಾಗಿಲಿನಿಂದ ನುಗ್ಗಿತು. ಅದರ ಗಾತ್ರ 376 ಬೈಟುಗಳು. ಒಂದು ಸಣ್ಣ ಕಾಗದಕ್ಕೂ ಸಾಲದಷ್ಟು. ಆರಂಭದಲ್ಲಿ ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತ, ಸುಮಾರು ಹತ್ತು ನಿಮಿಷಗಳಲ್ಲಿ ಸಿಕ್ಕತಕ್ಕ ಯಂತ್ರಗಳ ಪೈಕಿ ನೂರಕ್ಕೆ ತೊಂಬತ್ತನ್ನು ಹಿಡಿಯಿತು. ಕನಿಷ್ಠ 75,000 ಯಂತ್ರಗಳು ಕೆಟ್ಟುವು. ಅಮೆರಿಕದಲ್ಲಿ ಬ್ಯಾಂಕಿನ ಹಣದ ಯಂತ್ರಗಳು ನಿಂತುವು. ದೋಷವನ್ನು ಸರಿಪಡಿಸುವ ತೇಪೆಯು ಆರು ತಿಂಗಳ ಹಿಂದೆಯೇ ಹೊರಬಿದ್ದಿತ್ತೆಂಬುದೇ ಇಲ್ಲಿಯ ಲಜ್ಜೆಯ ಸಂಗತಿ. 2017ರ ಆರಂಭದಲ್ಲಿ ಗುಪ್ತಪದವೇ ಇಲ್ಲದೆ 27017ನೆಯ ಬಾಗಿಲು ತೆರೆದಿಟ್ಟಿದ್ದ ಸಾವಿರಾರು ಮಾಂಗೋಡಿಬಿ ಭಂಡಾರಗಳನ್ನು ದುಷ್ಟರು ಬರಿದುಮಾಡಿ, ಒತ್ತೆಹಣ ಕೇಳುವ ಚೀಟಿಯನ್ನು ಬಿಟ್ಟು ಹೋದರು. ಹಣ ತೆತ್ತವರಲ್ಲಿಯೂ ಹಲವರಿಗೆ ಮಾಲು ಹಿಂದಿರುಗಲಿಲ್ಲ. ಇಷ್ಟಾದರೂ ಲೋಕವು ಪಾಠ ಕಲಿಯಿತೇ? 2022ರಲ್ಲಿ ಶ್ಯಾಡೋಸರ್ವರ್ ಎಂಬ ಸಂಸ್ಥೆಯು ಹುಡುಕಿ ನೋಡಿದಾಗ, ಬೀದಿಯಿಂದ ತಟ್ಟಿದರೆ ಓಗೊಡುವ ಮೈಎಸ್‌ಕ್ಯೂಎಲ್ ಸರ್ವರುಗಳು ಸುಮಾರು 36 ಲಕ್ಷ!

ಇದಕ್ಕೆ ದುರುದ್ದೇಶವು ಕಾರಣವಲ್ಲ. ಅನುಕೂಲದ ಆಶೆಯೇ ಕಾರಣ. ಕೆಲಸಗಾರನೊಬ್ಬನು ಮನೆಯಿಂದಲೇ ಲೆಕ್ಕ ತಿದ್ದಬೇಕಾಗುತ್ತದೆ. ಎರಡು ದಿನಗಳ ಮಟ್ಟಿಗೆಂದು ಬಾಗಿಲು ತೆರೆಯುತ್ತಾನೆ. ಕೆಲಸ ಮುಗಿಯುತ್ತದೆ, ಗುತ್ತಿಗೆ ಮುಗಿಯುತ್ತದೆ, ಆತನು ಬೇರೆ ಊರಿಗೆ ಹೋಗುತ್ತಾನೆ. ಬಾಗಿಲು ತೆರೆದೇ ಇರುತ್ತದೆ. ಮೇಲಧಿಕಾರಿಗೆ ಬಾಗಿಲೊಂದು ಇದೆಯೆಂಬುದೇ ತಿಳಿಯದು.

"ನಮ್ಮದು ಸಣ್ಣ ಕಚೇರಿ, ನಮ್ಮ ವಿಳಾಸ ಯಾರಿಗೆ ಗೊತ್ತು?" ಎಂದು ಕೆಲವರು ಕೇಳಬಹುದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಇದಕ್ಕೆ ಉತ್ತರವಿತ್ತರು. ಐಪಿವಿ4 ಎಂಬ ಹಳೆಯ ಪದ್ಧತಿಯ ಸಾರ್ವಜನಿಕ ವಿಳಾಸಗಳೆಲ್ಲದರಲ್ಲಿಯೂ ಒಂದು ನಿರ್ದಿಷ್ಟ ಬಾಗಿಲನ್ನು ಒಂದೇ ಯಂತ್ರದಿಂದ 45 ನಿಮಿಷಗಳೊಳಗೆ ತಟ್ಟಿ ಬರಬಹುದೆಂದು ಮಾಡಿಯೇ ತೋರಿಸಿದರು. ಹೀಗಿರುವಾಗ ಸಣ್ಣ ಬೀದಿಯೆಂಬುದೆಲ್ಲಿ? "ಸಂಖ್ಯೆಯನ್ನು ಬದಲಾಯಿಸುತ್ತೇವೆ" ಎನ್ನುವವರೂ ಉಂಟು. ಫಲಕ ಬದಲಾಯಿಸಿದರೆ ತಟ್ಟುವವರ ಗದ್ದಲ ಕೊಂಚ ತಗ್ಗೀತು. ಬಾಗಿಲಿಗೆ ಅಗುಳಿ ಹಾಕಿದಂತಾಗದು.

ಹಾಗಾದರೆ ಮಾಡತಕ್ಕದ್ದೇನು? ಉಪಾಯವು ಕಷ್ಟದ್ದೂ ಅಲ್ಲ, ದುಬಾರಿಯದೂ ಅಲ್ಲ. ಡೇಟಾಬೇಸು 127.0.0.1 ಎಂಬ ಒಳವಿಳಾಸದಲ್ಲಿ ಮಾತ್ರ ಓಗೊಡುವಂತೆ ಇಡಬೇಕು. ಆಗ ಅದರ ಧ್ವನಿಯು ಯಂತ್ರದ ಹೊಸ್ತಿಲನ್ನು ದಾಟದು. ದೂರದಿಂದ ಬರಬೇಕಾದವನು 22ನೆಯ ಬಾಗಿಲಿನಲ್ಲಿ ಗುರುತು ತೋರಿಸಿ ಒಳಬಂದು, ಎಸ್‌ಎಸ್‌ಎಚ್‌ನ ಸುರಂಗದ ಮೂಲಕ 3306ನ್ನೋ 5432ನ್ನೋ ಮುಟ್ಟಲಿ. ಆ 22ನೆಯ ಬಾಗಿಲಿಗೂ ಊಹಿಸಬಹುದಾದ ಗುಪ್ತಪದ ಬೇಡ. ಪ್ರತಿಯೊಬ್ಬನಿಗೂ ಅವನದೇ ಕೀಲಿ ಇರಲಿ. ಕೆಲಸ ಬಿಟ್ಟವನ ಕೀಲಿಯು ಅಂದೇ ರದ್ದಾಗಲಿ. ಸಾಧ್ಯವಿದ್ದಲ್ಲಿ ಗೊತ್ತಾದ ವಿಳಾಸಗಳಿಗೆ ಮಾತ್ರ ಆ ಬಾಗಿಲು ಕಾಣುವಂತೆ ಫೈರ್‌ವಾಲು ಕಾವಲಿರಲಿ.

ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ. ಈ ವಿದ್ಯೆಯೆಲ್ಲವನ್ನೂ ತಾವು ಕಲಿಯಬೇಕಾಗಿಲ್ಲ. ಮೂರು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿದರೆ ಸಾಕು: ನಮ್ಮ ಯಂತ್ರದಲ್ಲಿ ಹೊರಗೆ ಕಾಣುವ ಬಾಗಿಲುಗಳು ಎಷ್ಟು? ಪ್ರತಿಯೊಂದನ್ನೂ ತೆರೆದವರು ಯಾರು, ಯಾತಕ್ಕೆ? ಮುಚ್ಚುವ ದಿನ ಯಾವುದು? ಉತ್ತರವು ಒಂದು ಹಾಳೆಯನ್ನು ಮೀರದು. ಉತ್ತರ ಬಾರದಿದ್ದರೆ ಅದೇ ದೊಡ್ಡ ಉತ್ತರ. ಅವಘಡವಾದರೆ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆಯು 2022ರಲ್ಲಿ ಆಜ್ಞಾಪಿಸಿತು. ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ 2023ರಲ್ಲಿ ಸಂಸತ್ತು ಒಪ್ಪಿದ ಕಾನೂನು, ತಕ್ಕ ರಕ್ಷಣೆಯನ್ನು ಒದಗಿಸದವರಿಗೆ 250 ಕೋಟಿ ರೂಪಾಯಿಗಳ ವರೆಗೆ ದಂಡವನ್ನು ಗೊತ್ತುಮಾಡಿದೆ.

ಆದರೆ ದಂಡಕ್ಕೆ ಹೆದರಿ ಮಾಡುವ ಕೆಲಸವು ಕಾಗದದ ಮೇಲೆಯೇ ಉಳಿಯುವುದುಂಟು. ತನ್ನ ಹೆಸರನ್ನೂ ಹೊಲವನ್ನೂ ಕಾಯಿಲೆಯನ್ನೂ ಕಚೇರಿಯ ಕೈಗೊಪ್ಪಿಸಿ ನಿಶ್ಚಿಂತನಾಗಿ ಮನೆಗೆ ಹೋದ ಪ್ರಜೆಯ ಮುಖವು ಅಧಿಕಾರಿಗೆ ನೆನಪಿರಬೇಕು. ಅವನು ಕೇಳುವುದು ಚಮತ್ಕಾರವನ್ನಲ್ಲ. ಸಂಜೆಗೆ ಕಚೇರಿಯ ಜವಾನನು ಅಗುಳಿಯನ್ನು ಒಮ್ಮೆ ಎಳೆದು ನೋಡುತ್ತಾನಲ್ಲ, ಅಷ್ಟು ಎಚ್ಚರವನ್ನು.