ಆರೋಗ್ಯದ ಪಾಲು, ಆರೈಕೆಯ ಪಾಲು

‘ಆರೋಗ್ಯವೇ ಭಾಗ್ಯ’ ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಭಾಗ್ಯವೆಂದರೆ ಅದೃಷ್ಟವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಆ ಶಬ್ದದೊಳಗೆ ‘ಭಾಗ’ವೆಂಬುದು ಅಡಗಿದೆ, ಒಬ್ಬನ ಪಾಲಿಗೆ ಬಂದುದೇ ಅವನ ಭಾಗ್ಯ. ಹೊಲವನ್ನು ಪಾಲು ಮಾಡುವಾಗ ಎರೆಯ ನೆಲ ಯಾರಿಗೆ ಬಂದಿತು, ಮಸಾರಿ ಯಾರಿಗೆ ಉಳಿಯಿತು ಎಂದು ವಿಚಾರಿಸುವ ನಾವು, ಆರೋಗ್ಯದ ಪಾಲು ಹೇಗಾಯಿತೆಂದು ಕೇಳುವುದಿಲ್ಲ. ಒಬ್ಬನಿಗೆ ಎಪ್ಪತ್ತೈದರಲ್ಲಿಯೂ ಗಟ್ಟಿ ಶರೀರ, ಇನ್ನೊಬ್ಬನಿಗೆ ನಲವತ್ತಕ್ಕೇ ಬಾಗಿದ ಬೆನ್ನು ಎಂದರೆ ‘ಹಣೆಯ ಬರಹ’ವೆಂದು ಸುಮ್ಮನಾಗುತ್ತೇವೆ.

ಸಮಾಜಶಾಸ್ತ್ರಜ್ಞರು ಹಾಗೆ ಸುಮ್ಮನಾಗುವುದಿಲ್ಲ. ಜ್ವರವು ಏಕೆ ಬಂದಿತೆಂಬುದನ್ನು ವೈದ್ಯನು ಹೇಳುತ್ತಾನೆ. ಆ ಜ್ವರವು ಈ ಓಣಿಗೆ ಹೆಚ್ಚಾಗಿ, ಆ ಓಣಿಗೆ ಕಡಮೆಯಾಗಿ ಏಕೆ ಬಂದಿತು, ಬಂದ ಮೇಲೆ ಯಾರಿಗೆ ಔಷಧ ದೊರೆಯಿತು, ಯಾರು ಅವರ ಬಳಿ ಕುಳಿತು ಗಂಜಿ ಕುಡಿಸಿದರು ಎಂಬುದನ್ನು ಸಮಾಜಶಾಸ್ತ್ರಜ್ಞನು ಕೇಳುತ್ತಾನೆ. ಈ ಬಗೆಯ ಸಂಶೋಧನೆಗಳಲ್ಲಿ ಕೆಲವು ನಮ್ಮ ಕನ್ನಡ ನಾಡಿನಲ್ಲಿಯೂ ನೆರೆಯ ಆಂಧ್ರದಲ್ಲಿಯೂ ನಡೆದವಾದುದರಿಂದ, ರಾಯದುರ್ಗ ಮಡಕಶಿರಗಳ ನಾವು ಅವುಗಳನ್ನು ತಿಳಿಯುವುದು ಯುಕ್ತವಾಗಿದೆ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಜನರು ಮಿಷನ್ ಆಸ್ಪತ್ರೆಯೆಂದೇ ಕರೆಯುವರು. ಅಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ದಪ್ಪ ಪುಸ್ತಕಗಳಲ್ಲಿ ಬರೆದಿಡುತ್ತಿದ್ದರು. ಅದು ಅವರ ದಿನನಿತ್ಯದ ಕೆಲಸ. ಯಾವ ಸಂಶೋಧನೆಗೆಂದೂ ಬರೆದುದಲ್ಲ. ಅರುವತ್ತು ವರ್ಷಗಳ ತರುವಾಯ ಆ ಪುಸ್ತಕಗಳು ಲೋಕಪ್ರಸಿದ್ಧವಾದವು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ, ಇನ್ನೂ ಆಸುಪಾಸಿನಲ್ಲೇ ವಾಸವಾಗಿದ್ದ 517 ಮಂದಿ ಸ್ತ್ರೀಪುರುಷರನ್ನು ಹುಡುಕಿ, ಆಸ್ಪತ್ರೆಯವರೂ ಇಂಗ್ಲೆಂಡಿನ ಸಂಶೋಧಕರೂ ಸೇರಿ ಅವರ ಹೃದಯವನ್ನು ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶವಿದು: ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ರೋಗವಿತ್ತು; ಏಳು ಪೌಂಡು ಅಥವಾ ಅದಕ್ಕೂ ಹೆಚ್ಚು ತೂಗಿದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ಶಿಶುವೂ ಹಗುರ, ಬಸುರಿನಲ್ಲಿ ತಾಯಿಯ ತೂಕವೂ ನೂರು ಪೌಂಡಿಗಿಂತ ಕಡಮೆ ಎಂದಿದ್ದಲ್ಲಿ ಆ ಪ್ರಮಾಣವು ನೂರಕ್ಕೆ 20ಕ್ಕೆ ಏರಿತ್ತು.

ಇದನ್ನು ಓದಿ ಹಗುರವಾಗಿ ಹುಟ್ಟಿದವರು ಯಾರೂ ಎದೆಗುಂದಬೇಕಾಗಿಲ್ಲ. ನೂರರಲ್ಲಿ 11 ಎಂದರೆ ಉಳಿದ 89 ಮಂದಿಗೆ ಆ ರೋಗವಿರಲಿಲ್ಲವೆಂದೇ ಅರ್ಥ. ಆದರೆ ಹೃದಯರೋಗವು ಕುಳಿತುಣ್ಣುವ ಶ್ರೀಮಂತರ ರೋಗವೆಂದು ತಿಳಿದಿದ್ದ ಜನರಿಗೆ ಈ ಲೆಕ್ಕವು ಹೊಸ ದಾರಿಯನ್ನು ತೋರಿತು. 1940ರ ಸುಮಾರಿಗೆ ಒಬ್ಬ ಬಸುರಿಯ ತಟ್ಟೆಯಲ್ಲಿ ಏನಿತ್ತೋ ಅಥವಾ ಏನಿರಲಿಲ್ಲವೋ ಅದರ ಗುರುತು ಐವತ್ತು ವರ್ಷಗಳ ಮೇಲೆ ಅವಳ ಮಗನ ಎದೆಯಲ್ಲಿ ಕಾಣಿಸಿಕೊಂಡಿರಬಹುದು. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವುದು ಗೃಹಿಣಿಯ ಸದ್ಗುಣವೆಂದು ನಮ್ಮ ಮನೆಗಳಲ್ಲಿ ಹೊಗಳುವುದುಂಟು. ಆ ಹೊಗಳಿಕೆಯ ವೆಚ್ಚವನ್ನು ಯಾರು ತೆತ್ತರೆಂಬುದನ್ನು ಮೈಸೂರಿನ ಪುಸ್ತಕಗಳು ಊಹಿಸುವಂತೆ ಮಾಡುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು.

ಎರಡನೆಯ ಸಂಶೋಧನೆ ಕೊಪ್ಪಳದ್ದು. ಕೊಪ್ಪಳವು ನಮ್ಮ ಸೀಮೆಯಂತೆಯೇ ಮಳೆ ಕಡಮೆಯಾದ ನಾಡು. ಗೀತಾ ಸೇನ್, ಅದಿತಿ ಅಯ್ಯರ್ ಎಂಬ ವಿದ್ವಾಂಸರು ತಮ್ಮ ಸಂಗಡಿಗರೊಡನೆ ಈ ಶತಮಾನದ ಆರಂಭದಲ್ಲಿ ಆ ಜಿಲ್ಲೆಯ 60 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದರು. ಬಡವರಿಗೆ ಚಿಕಿತ್ಸೆ ಕಡಮೆ, ಹೆಂಗಸರಿಗೆ ಚಿಕಿತ್ಸೆ ಕಡಮೆ ಎಂಬಿವೆರಡೂ ಮೊದಲೇ ತಿಳಿದ ಸಂಗತಿಗಳು. ಇವರು ಅವೆರಡನ್ನೂ ಒಟ್ಟಿಗೆ ಹಿಡಿದು ಕೇಳಿದರು. ಬಹುದಿನದ ಬೇನೆಯಿರುವವರಲ್ಲಿ ಚಿಕಿತ್ಸೆಯನ್ನೇ ಪಡೆಯದವರು ಯಾರು? ಆರಂಭಿಸಿ ನಡುವೆ ಬಿಟ್ಟವರು ಯಾರು? ಕೊನೆಯವರೆಗೂ ಮುಂದುವರಿಸಿದವರು ಯಾರು?

ಏಣಿಯ ಮೇಲಿನ ಮೆಟ್ಟಿಲಿನಲ್ಲಿ ಅನುಕೂಲಸ್ಥ ಮನೆಯ ಗಂಡಸರೂ ಕೆಳಗಿನ ಮೆಟ್ಟಿಲಿನಲ್ಲಿ ಕಡುಬಡವ ಹೆಂಗಸರೂ ಇದ್ದರು. ಇದು ಎಲ್ಲರೂ ಊಹಿಸಬಹುದಾದುದೇ. ವಿಶೇಷವಿರುವುದು ನಡುವಿನ ಮೆಟ್ಟಿಲುಗಳಲ್ಲಿ. ಅನುಕೂಲಸ್ಥ ಮನೆಯ ಹೆಂಗಸಿಗೂ ಬಡಮನೆಯ ಗಂಡಸಿಗೂ ಹೆಚ್ಚಿನ ಅಂತರವಿರಲಿಲ್ಲ. ಹೆಣ್ಣೆಂಬ ಕಾರಣದಿಂದ ಮೊದಲಿನವಳು ಕಳೆದುಕೊಂಡುದನ್ನು ಮನೆಯ ಹಣವು ಸ್ವಲ್ಪಮಟ್ಟಿಗೆ ತುಂಬಿಕೊಟ್ಟಿತು; ಬಡತನದಿಂದ ಎರಡನೆಯವನು ಕಳೆದುಕೊಂಡುದನ್ನು ಗಂಡೆಂಬ ಮರ್ಯಾದೆಯು ತುಂಬಿಕೊಟ್ಟಿತು. ಬಡ ಹೆಂಗಸಿಗೆ ತುಂಬಿಕೊಡಲು ಯಾವುದೂ ಇರಲಿಲ್ಲ. ಕೈಯಲ್ಲಿರುವ ನಾಲ್ಕು ಕಾಸನ್ನು ಯಾರ ಔಷಧಕ್ಕೆ ವ್ಯಯಮಾಡುವುದೆಂದು ನಿರ್ಣಯಿಸುವಾಗ ದುಡಿಯುವ ಗಂಡಸನ್ನು ಮೊದಲು ಎಬ್ಬಿಸಿ ನಿಲ್ಲಿಸಬೇಕೆಂದು ಮನೆಯವರೆಲ್ಲರೂ ಒಪ್ಪುತ್ತಾರೆ. ಆಕೆಯೂ ಒಪ್ಪುತ್ತಾಳೆ. ಇದನ್ನು ಕ್ರೌರ್ಯವೆಂದು ಕರೆಯುವುದು ನನಗೆ ಸರಿಕಾಣದು; ಆದರೆ ನ್ಯಾಯವೆಂದೂ ಕರೆಯಲಾಗದು.

ಇನ್ನು ಆಂಧ್ರದ ಸಂಗತಿ. ಅನಿರುದ್ಧ ಕೃಷ್ಣ ಎಂಬ ಸಂಶೋಧಕರು ಅವಿಭಜಿತ ಆಂಧ್ರ ಪ್ರದೇಶದ 36 ಹಳ್ಳಿಗಳಲ್ಲಿ ಇಪ್ಪತ್ತೈದು ವರ್ಷಗಳ ಅವಧಿಯ ಕುಟುಂಬಚರಿತ್ರೆಗಳನ್ನು ಸಂಗ್ರಹಿಸಿ 2006ರಲ್ಲಿ ಪ್ರಕಟಿಸಿದರು. ಆ ಅವಧಿಯಲ್ಲಿ ನೂರಕ್ಕೆ 14 ಕುಟುಂಬಗಳು ಬಡತನದಿಂದ ಮೇಲೆದ್ದವು. ಅದೇ ಕಾಲದಲ್ಲಿ ನೂರಕ್ಕೆ 12 ಕುಟುಂಬಗಳು ಬಡತನಕ್ಕೆ ಹೊಸದಾಗಿ ಬಿದ್ದವು. ಹೊರಗಿನಿಂದ ನೋಡಿದವರಿಗೆ ಊರು ಇದ್ದಂತೆಯೇ ಇದೆಯೆಂದು ತೋರುತ್ತದೆ. ಒಳಗೆ ಏರುವವರೂ ಇಳಿಯುವವರೂ ಪರಸ್ಪರ ದಾಟಿಹೋಗುತ್ತಿರುತ್ತಾರೆ. ಬಿದ್ದವರ ಕಥೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ಕಾರಣವು ರೋಗ ಮತ್ತು ಅದರ ವೆಚ್ಚ. ಸೋಮಾರಿತನ, ಕುಡಿತಗಳೇ ಬಡತನದ ಮೂಲವೆಂದು ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಡುವವರು ಇದನ್ನು ಗಮನಿಸಬೇಕು. ಮೊದಲು ಕೈಸಾಲ, ಅನಂತರ ಬಡ್ಡಿಯ ಸಾಲ, ಆಮೇಲೆ ಕುರಿ, ಎತ್ತು, ಕಟ್ಟಕಡೆಗೆ ಹೊಲ. ಈ ಕ್ರಮವನ್ನು ನಮ್ಮ ಊರುಗಳಲ್ಲಿ ಯಾರಿಗೂ ಪಾಠ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ವೈದ್ಯಸಹಾಯವು ಎಲ್ಲಿ ಹೆಚ್ಚು ಬೇಕೋ ಅಲ್ಲಿ ಹೆಚ್ಚಾಗಿ ಇರಬೇಕಷ್ಟೆ? ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಕಲ್ಲಿದ್ದಲು ಗಣಿಯ ಕಾರ್ಮಿಕರ ನಡುವೆ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬವರು 1971ರಲ್ಲಿ ಇದಕ್ಕೆ ವಿರುದ್ಧವಾದ ಒಂದು ನಿಯಮವನ್ನು ಬರೆದರು. ಒಳ್ಳೆಯ ವೈದ್ಯಸಹಾಯದ ಅಗತ್ಯವು ಎಲ್ಲಿ ಹೆಚ್ಚೋ ಅಲ್ಲಿ ಅದು ದೊರೆಯುವುದು ಕಡಮೆ, ಎಲ್ಲಿ ಅಗತ್ಯವು ಕಡಮೆಯೋ ಅಲ್ಲಿ ಹೆಚ್ಚು ಎಂಬುದೇ ಆ ನಿಯಮದ ತಾತ್ಪರ್ಯ. ವೈದ್ಯಸಹಾಯವನ್ನು ಪೇಟೆಯ ವ್ಯಾಪಾರಕ್ಕೆ ಬಿಟ್ಟಷ್ಟೂ ಈ ನಿಯಮವು ಬಲವಾಗುತ್ತದೆಂದು ಅವರು ಹೇಳಿದರು. ಮಳೆಯನ್ನೇ ನಂಬಿದ ಕಡಲೆಕಾಯಿಯ ಸೀಮೆಯಲ್ಲಿ ನಿಂತು ದೊಡ್ಡ ಆಸ್ಪತ್ರೆಗಳಿರುವ ನಗರಗಳ ಕಡೆಗೆ ನೋಡಿದರೆ ಈ ನಿಯಮಕ್ಕೆ ವೇಲ್ಸಿನ ಸಾಕ್ಷಿಯೇ ಬೇಕಾಗುವುದಿಲ್ಲ.

ಇದನ್ನು ತಿದ್ದುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರವೆಂಬುದು ಸರ್ಕಾರದ ಗೊತ್ತುಪಾಡು. 1969ರಲ್ಲಿ ವಿನ್ಸೆಂಟ್ ಫೆರರ್ ಅವರು ಅನಂತಪುರದಲ್ಲಿ ಸ್ಥಾಪಿಸಿದ ಗ್ರಾಮೀಣಾಭಿವೃದ್ಧಿ ಸಂಸ್ಥೆಯು ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆಸ್ಪತ್ರೆಗಳನ್ನು ತೆರೆಯಿತು. ಬಡವರ ದೊಡ್ಡ ಚಿಕಿತ್ಸೆಗಳ ವೆಚ್ಚವನ್ನು ಸರ್ಕಾರವೇ ಕೊಡುವ ಆರೋಗ್ಯಶ್ರೀ ಯೋಜನೆಯು 2007ರ ಏಪ್ರಿಲ್ 1ರಂದು ಮೊದಲು ಆರಂಭವಾದ ಮೂರು ಜಿಲ್ಲೆಗಳಲ್ಲಿ ನಮ್ಮ ಅನಂತಪುರವೂ ಒಂದು. ಭಾರತದಲ್ಲಿ ಆರೋಗ್ಯಕ್ಕಾಗಿ ಆಗುವ ಒಟ್ಟು ವೆಚ್ಚದಲ್ಲಿ ಜನರು ತಮ್ಮ ಜೇಬಿನಿಂದಲೇ ಕೊಟ್ಟ ಭಾಗವು 2013-14ರಲ್ಲಿ ಶೇಕಡಾ 64ರಷ್ಟಿದ್ದುದು 2021-22ರಲ್ಲಿ ಶೇಕಡಾ 39ಕ್ಕೆ ಇಳಿಯಿತೆಂದು ಸರ್ಕಾರದ ಲೆಕ್ಕವಿದೆ. ಇದು ಸಣ್ಣ ಸಂಗತಿಯಲ್ಲ. ಆದರೂ ವಿಮೆಯ ಚೀಟಿಯು ಆಸ್ಪತ್ರೆಯ ಒಳಗಿನ ವೆಚ್ಚವನ್ನು ಹೊರುವಷ್ಟು ಸುಲಭವಾಗಿ ಹೊರಗಿನದನ್ನು ಹೊರದು. ಬಸ್ಸಿನ ಹಣ, ಜೊತೆಗೆ ಹೋದವರ ಊಟ, ತಪ್ಪಿದ ಕೂಲಿ, ಕಾವಲಿಲ್ಲದೆ ಬಿಟ್ಟು ಬಂದ ಬೆಳೆ ಇವು ಎಷ್ಟೋ ಸಲ ಪಟ್ಟಿಯ ಹೊರಗೇ ಉಳಿಯುತ್ತವೆ.

ಗಡಿಯವರಾದ ನಮಗೆ ಇನ್ನೊಂದು ತೊಡಕುಂಟು. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದಿತು. ರಾಜ್ಯದ ಗೆರೆಯು ಬೇರೆಯಾದರೂ ಬಳ್ಳಾರಿಯ ದಾರಿ ಮರೆಯಲಿಲ್ಲ. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರದ ಮೂರು ದಿಕ್ಕುಗಳಲ್ಲಿಯೂ ಕರ್ನಾಟಕವಿದೆ. ರೋಗಿಯು ಹತ್ತಿರದ ಆಸ್ಪತ್ರೆಗೆ ಹೋಗುತ್ತಾನೆ. ಅವನ ಚೀಟಿಯು ರಾಜ್ಯದ ಗಡಿಯಲ್ಲಿಯೇ ನಿಲ್ಲುತ್ತದೆ. 2019ರಲ್ಲಿ ಆಂಧ್ರ ಸರ್ಕಾರವು ಬೆಂಗಳೂರು, ಚೆನ್ನೈ, ಹೈದರಾಬಾದುಗಳ ಆಯ್ದ ಆಸ್ಪತ್ರೆಗಳಿಗೂ ಆರೋಗ್ಯಶ್ರೀಯನ್ನು ವಿಸ್ತರಿಸಿದುದು ಈ ತೊಡಕನ್ನು ಒಪ್ಪಿಕೊಂಡಂತೆಯೇ ಸರಿ. ಭಾಷೆಯ ತೊಡಕು ಬೇರೆ. ಔಷಧದ ಚೀಟಿ ಇಂಗ್ಲಿಷಿನಲ್ಲಿ, ಆಸ್ಪತ್ರೆಯ ಫಲಕ ತೆಲುಗಿನಲ್ಲಿ, ಅಜ್ಜಿಯ ನೋವು ಕನ್ನಡದಲ್ಲಿ. ಇವು ಮೂರನ್ನೂ ಹೊಂದಿಸುವ ಕೆಲಸವು ಎಷ್ಟೋ ಸಲ ಜೊತೆಗೆ ಹೋದ ಶಾಲೆಯ ಮಗುವಿನದಾಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುತ್ತಾ ತೆಲುಗನ್ನೂ ಇಂಗ್ಲಿಷನ್ನೂ ಕಲಿತ ಮಕ್ಕಳ ಈ ಉಪಕಾರವನ್ನು ಯಾವ ಪರೀಕ್ಷೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿಂದ ಆರೈಕೆಯ ಮಾತಿಗೆ ಬರುತ್ತೇನೆ; ತಾಯಿತಂದೆಗಳು ವಿಶೇಷವಾಗಿ ಗಮನಿಸಬೇಕಾದುದು ಇದೇ. ಹಳಗನ್ನಡದ ‘ಆರಯ್’ ಎಂಬ ಧಾತುವಿಗೆ ಹುಡುಕು, ವಿಚಾರಿಸು ಎಂಬ ಅರ್ಥವೂ ಸಲಹು ಎಂಬ ಅರ್ಥವೂ ಇವೆ. ಸಂಶೋಧನೆಗೂ ಶುಶ್ರೂಷೆಗೂ ಒಂದೇ ಮಾತಿದ್ದ ಭಾಷೆ ನಮ್ಮದು. ಆದರೆ ಬಹುಕಾಲ ಸಂಶೋಧಕರು ಆಸ್ಪತ್ರೆಯ ಮಂಚಗಳನ್ನು ಎಣಿಸಿದರೇ ಹೊರತು ಮನೆಯ ಮಂಚದ ಪಕ್ಕದಲ್ಲಿ ಎಚ್ಚರವಿದ್ದವರನ್ನು ಎಣಿಸಲಿಲ್ಲ. ಜನರು ದಿನದ ಇಪ್ಪತ್ತನಾಲ್ಕು ಗಂಟೆಗಳನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆಯನ್ನು ಭಾರತ ಸರ್ಕಾರವು 2019ರಲ್ಲಿ ದೇಶಾದ್ಯಂತ ನಡೆಸಿ, 2024ರಲ್ಲಿ ಪುನಃ ನಡೆಸಿತು. ಎರಡನೆಯ ಸಮೀಕ್ಷೆಯಂತೆ 15ರಿಂದ 59 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಪುರುಷರಲ್ಲಿ ನೂರಕ್ಕೆ 21 ಮಂದಿ. ತೊಡಗಿದವರಲ್ಲಿ ಹೆಂಗಸು ದಿನಕ್ಕೆ ಸುಮಾರು 140 ನಿಮಿಷ, ಗಂಡಸು 74 ನಿಮಿಷ ಕೊಟ್ಟರು. ಅಡಿಗೆ, ನೀರು, ಕಸ ಮುಸುರೆಗಳ ಕಾಲವು ಇದಕ್ಕೆ ಹೊರತಾದುದು.

ಆ ಸಮೀಕ್ಷೆಯ ಕೆಲವು ಅಂಕಿಗಳು ಆರು ವರ್ಷದ ಮಕ್ಕಳಿಂದಲೇ ಆರಂಭವಾಗುತ್ತವೆಂಬುದು ಅರ್ಥವುಳ್ಳ ಸಂಗತಿ. ತಾಯಿ ಮಲಗಿದರೆ ಒಲೆಯ ಮುಂದೆ ನಿಲ್ಲುವವರು ಯಾರು? ಅಜ್ಜನಿಗೆ ಪಾರ್ಶ್ವವಾಯು ಬಡಿದರೆ, ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋದ ಮೇಲೆ ಅವನನ್ನು ಹೊರಳಿಸಿ ಮಲಗಿಸುವವರು ಯಾರು? ಮಗನ ಶಾಲೆ ತಪ್ಪಬಾರದೆಂದು, ಮಗಳದ್ದು ‘ಒಂದು ವಾರವಷ್ಟೆ’ ಎಂದು ಮನೆಯಲ್ಲಿ ನಿರ್ಣಯವಾಗುತ್ತದೆ. ವಾರವು ತಿಂಗಳಾಗುತ್ತದೆ, ಗಣಿತದಲ್ಲಿ ಎರಡು ಅಧ್ಯಾಯಗಳು ಮುಂದೆ ಹೋಗಿರುತ್ತವೆ, ಹಿಂದುಳಿದ ನಾಚಿಕೆಯಿಂದ ಆಕೆ ತಾನಾಗಿಯೇ ಬರಲೊಲ್ಲೆನೆನ್ನುತ್ತಾಳೆ. ಅವಳು ಓದು ಬಿಟ್ಟುದಕ್ಕೆ ಕಾರಣವೇನೆಂದು ಕೇಳಿದರೆ ‘ಆಸಕ್ತಿಯಿಲ್ಲ’ ಎಂಬ ಉತ್ತರವು ಬರೆಯಲ್ಪಡುತ್ತದೆ. ಆಂಧ್ರ ಸರ್ಕಾರವು 2019ರ ಡಿಸೆಂಬರಿನಲ್ಲಿ, ಶಸ್ತ್ರಚಿಕಿತ್ಸೆಯಾದ ಬಡರೋಗಿಗೆ ವಿಶ್ರಾಂತಿಯ ದಿನಗಳಲ್ಲಿ ದಿನಕ್ಕೆ 225 ರೂಪಾಯಿ ಕೊಡುವ ಏರ್ಪಾಡನ್ನು ತಂದಿತು. ದುಡಿಮೆ ನಿಂತವನ ನಷ್ಟವನ್ನು ಸರ್ಕಾರವೊಂದು ಲೆಕ್ಕಕ್ಕೆ ಹಿಡಿದುದು ಶ್ಲಾಘ್ಯವಾದುದು. ಅವನ ಪಕ್ಕದಲ್ಲಿ ಕುಳಿತ ಹುಡುಗಿಯ ನಷ್ಟವು ಆ ಲೆಕ್ಕದಲ್ಲಿರಲಿಲ್ಲ.

ಮೈಸೂರಿನ ದಾದಿಯರ ಪುಸ್ತಕದಂತೆಯೇ ನಮ್ಮಲ್ಲಿಯೂ ದಿನನಿತ್ಯ ಬರೆಯುವ ಒಂದು ಪುಸ್ತಕವಿದೆ. ಅದು ಶಾಲೆಯ ಹಾಜರಿ ಪುಸ್ತಕ. ಹೆಣ್ಣುಮಕ್ಕಳು ಮೂರು ದಿನಕ್ಕಿಂತ ಹೆಚ್ಚಾಗಿ ಬಾರದಿದ್ದಾಗ ‘ಅನಾರೋಗ್ಯ’ವೆಂದು ಬರೆಯುವ ಕಡೆಯಲ್ಲಿ ಯಾರ ಅನಾರೋಗ್ಯವೆಂಬುದನ್ನೂ ಉಪಾಧ್ಯಾಯರು ವಿಚಾರಿಸಿ ಒಂದು ಶಬ್ದದಲ್ಲಿ ಬರೆದರೆ ಸಾಕು: ತನ್ನದು, ತಾಯಿಯದು, ತಮ್ಮನದು, ಅಜ್ಜಿಯದು. ವರ್ಷದ ಕೊನೆಗೆ ಎಂಟನೆಯ ಮತ್ತು ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳೇ ಅದನ್ನು ಗಂಡುಮಕ್ಕಳ ಪುಟದೊಡನೆ ಹೋಲಿಸಿ ಕೂಡಿಸಬಹುದು. ಅದಕ್ಕೆ ಬೇಕಾಗುವ ಗಣಿತವು ಶೇಕಡಾವಾರು ಲೆಕ್ಕಕ್ಕಿಂತ ಹೆಚ್ಚಿನದಲ್ಲ. ಮನೆಯಲ್ಲಿ ರೋಗಿಯಿರುವ ಹುಡುಗಿಗೆ ಆ ತಿಂಗಳ ಪಾಠವನ್ನು ಸಂಜೆ ಹೇಳಿಕೊಡಲು ನೆರೆಮನೆಯ ಸಹಪಾಠಿ ಯಾರೆಂಬುದನ್ನು ಅದೇ ಪುಟದ ಅಂಚಿನಲ್ಲಿ ಬರೆದುಕೊಳ್ಳಬಹುದು.