ಸಗಣಿ, ಸೂಜಿ, ಕೂದಲು: ಶೀಲಾ ಗೌಡರ ಕಲೆಯಲ್ಲಿ ‘ವಸ್ತು’ವಿನ ಪ್ರಶ್ನೆ

ಕೊಡಗಿನ ಕಕ್ಕಬ್ಬೆಯ ಸಮೀಪವಿರುವ ನಾಲ್ಕುನಾಡು ಅರಮನೆಯನ್ನು ದೊಡ್ಡವೀರರಾಜೇಂದ್ರನು ಹದಿನೆಂಟನೆಯ ಶತಮಾನದ ಕೊನೆಯ ದಶಕದಲ್ಲಿ ಕಟ್ಟಿಸಿದನು. ಅದರ ಗೋಡೆಗಳ ಮೇಲೆ ಮಾಸಿ ಉಳಿದಿರುವ ವರ್ಣಚಿತ್ರಗಳನ್ನು ಚಿತ್ರಕಲೆಯೆಂದು ಗುರುತಿಸಲು ನಮಗೆ ಯಾವ ಅಡ್ಡಿಯೂ ಇಲ್ಲ. ಅದೇ ಕೊಡಗಿನ ಮನೆಗಳಲ್ಲಿ ಕಾಫಿ ಒಣಗಿಸುವ ಕಣವನ್ನು ಹೆಂಗಸರು ಸಗಣಿಯಿಂದ ಸಾರಿಸುತ್ತಿದ್ದರು. ನೆಲದ ಮಣ್ಣು ಏಳದಂತೆ, ಹಣ್ಣಿಗೆ ಧೂಳು ಅಂಟದಂತೆ ಮಾಡುವ ಈ ಕೆಲಸದಲ್ಲಿ ಅಂಗೈ ಹರಿದಾಡಿದ ಕಡೆಯೆಲ್ಲ ಅರ್ಧಚಂದ್ರಾಕಾರದ ಗೆರೆಗಳು ಸಾಲುಸಾಲಾಗಿ ಮೂಡುತ್ತಿದ್ದವು. ಸಿಮೆಂಟಿನ ಕಣಗಳು ಬಂದ ಮೇಲೆ ಆ ಗೆರೆಗಳು ಬಹುಮಟ್ಟಿಗೆ ಮರೆಯಾದವು. ಅವು ಇದ್ದಾಗಲೂ ಅವನ್ನು ಯಾರೂ ಚಿತ್ರವೆಂದು ಕರೆದಿರಲಿಲ್ಲ, ಅದು ಮನೆಗೆಲಸ. ಕಲೆ ಮತ್ತು ಮನೆಗೆಲಸಗಳ ನಡುವಿನ ಈ ಗೆರೆಯನ್ನು ಎಳೆದವರು ಯಾರು ಎಂಬ ಪ್ರಶ್ನೆ ನನ್ನಲ್ಲಿ ಮೊದಲು ಹುಟ್ಟಿದ್ದು ಸಾಹಿತ್ಯದ ಓದಿನಿಂದಲ್ಲ, ಕನ್ನಡ ನಾಡಿನ ಕಲಾವಿದೆ ಶೀಲಾ ಗೌಡರ ಕೃತಿಗಳ ಪರಿಚಯದಿಂದ.

ಶೀಲಾ ಗೌಡರು ಇಂದು ಅಂತರರಾಷ್ಟ್ರೀಯ ಖ್ಯಾತಿಯ ಕಲಾವಿದೆ. ಆದರೆ ಪ್ರಸ್ತುತ ಲೇಖನದ ಆಸಕ್ತಿ ಆ ಖ್ಯಾತಿಯಲ್ಲಿಲ್ಲ. ತರಬೇತಿ ಮುಗಿಸಿದ ಒಬ್ಬ ಚಿತ್ರಕಾರ್ತಿ ತನ್ನದೇ ಆದ ಕಲಾವಿದೆಯಾಗಿ ರೂಪುಗೊಂಡ ಘಟ್ಟವನ್ನು, ಅಂದರೆ ಸ್ಥೂಲವಾಗಿ 1986ರಿಂದ 1998ರವರೆಗಿನ ಅವಧಿಯನ್ನು, ಹಾಗೂ ಅಲ್ಲಿ ಕಂಡುಕೊಂಡ ದಾರಿ ಮುಂದೆ ಹರಿದ ಬಗೆಯನ್ನು ಇಲ್ಲಿ ಗಮನಿಸಲಾಗಿದೆ.

ಅವರು ಹುಟ್ಟಿದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ. ಬಾಲ್ಯದಲ್ಲಿ ಹಳ್ಳಿ, ಪಟ್ಟಣಗಳೆರಡರ ಬದುಕೂ ಅವರಿಗೆ ದೊರೆಯಿತು. ತಂದೆ ಜನಪದ ಗೀತೆಗಳನ್ನೂ ಜನಪದ ವಸ್ತುಗಳನ್ನೂ ಸಂಗ್ರಹಿಸುತ್ತಿದ್ದವರು. ಕನ್ನಡ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಈ ವಿವರ ಮುಖ್ಯ. ಬಳಕೆಯ ವಸ್ತುವನ್ನು ಎತ್ತಿ ನೋಡುವ, ಅದಕ್ಕೊಂದು ಕಥೆಯಿದೆ ಎಂದು ನಂಬುವ ಅಭ್ಯಾಸ ಆ ಮನೆಯಲ್ಲಿಯೇ ಇತ್ತು. ಆದರೆ ಸಂಗ್ರಹಕಾರನ ದೃಷ್ಟಿಗೂ ಕಲಾವಿದೆಯ ದೃಷ್ಟಿಗೂ ದೊಡ್ಡ ಅಂತರವುಂಟು. ಸಂಗ್ರಹಕಾರ ವಸ್ತುವನ್ನು ಬಳಕೆಯಿಂದ ಬಿಡಿಸಿ ಕಾಪಾಡುತ್ತಾನೆ. ಶೀಲಾ ಗೌಡರು ಮುಂದೆ ಅದೇ ವಸ್ತುವನ್ನು ಬಳಸಿ ಸವೆಸುವ ದಾರಿಯನ್ನು ಹಿಡಿದರು.

ಬೆಂಗಳೂರಿನಲ್ಲಿ ಆರ್. ಎಂ. ಹಡಪದ ಅವರು ಕಟ್ಟಿದ ಕೆನ್ ಕಲಾಶಾಲೆಯಲ್ಲಿ 1979ರಲ್ಲಿ ಡಿಪ್ಲೊಮಾ, 1982ರಲ್ಲಿ ಶಾಂತಿನಿಕೇತನದ ವಿಶ್ವಭಾರತಿಯಲ್ಲಿ ಉನ್ನತ ಡಿಪ್ಲೊಮಾ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆಯ ಸ್ನಾತಕೋತ್ತರ ಪದವಿ: ಇದು ಅವರ ಶಿಕ್ಷಣದ ಹಾದಿ. ಈ ಹಾದಿಯಲ್ಲಿ ಗಾಢವಾದ ಪ್ರಭಾವ ಕೆ. ಜಿ. ಸುಬ್ರಮಣ್ಯನ್ ಅವರದು. ಕರಕುಶಲ ಪರಂಪರೆ ಮತ್ತು ಆಧುನಿಕ ಕಲೆಗಳನ್ನು ಮೇಲುಕೀಳೆಂದು ಬೇರ್ಪಡಿಸದೆ ಒಂದೇ ಭಾಷೆಯ ಎರಡು ಬಳಕೆಗಳೆಂದು ಕಂಡ ಗುರು ಅವರು. ಆದರೂ ಲಂಡನ್ನಿನಿಂದ ಮರಳಿದ ಶೀಲಾ ಗೌಡರು ಮಾಡುತ್ತಿದ್ದುದು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದ, ಆಕೃತಿಪ್ರಧಾನವಾದ ಚಿತ್ರಗಳನ್ನೇ. ಗುರು ಹೇಳಿಕೊಟ್ಟದ್ದು ಶಿಷ್ಯೆಯ ಕೈಗೆ ಇಳಿಯಲು ಹತ್ತು ವರ್ಷಗಳಾದರೂ ಬೇಕಾದವು.

ಅದು ಇಳಿದದ್ದು ಶಾಂತವಾದ ಕಾಲದಲ್ಲಲ್ಲ. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಮಸೀದಿ ಉರುಳಿತು; ಅದರ ಬೆನ್ನಲ್ಲೇ ಮುಂಬಯಿ ಹೊತ್ತಿ ಉರಿಯಿತು. ಆ ಹಿಂಸೆಯನ್ನು ಎಣ್ಣೆಬಣ್ಣದಲ್ಲಿ ‘ಚಿತ್ರಿಸು’ವುದು ಸಾಧ್ಯವಿತ್ತು, ಹಲವರು ಚಿತ್ರಿಸಿದರು ಕೂಡ. ಶೀಲಾ ಗೌಡರಿಗೆ ಅದು ಸಾಲಲಿಲ್ಲ. ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಅವರು ಸಗಣಿಯನ್ನು ಕೈಗೆತ್ತಿಕೊಂಡರು. ಆಗ ಅವರಿಗೆ ಮೂವತ್ತೈದರ ಆಸುಪಾಸು. ಮೂವತ್ತು ದಾಟಿದ ಮೇಲೆ ಕಲಿತದ್ದನ್ನು ಕೆಳಗಿಡುವುದು ಎಷ್ಟು ಕಷ್ಟವೆಂಬುದನ್ನು, ಅದೇ ವಯಸ್ಸಿನಲ್ಲಿ ಮಹಾಪ್ರಬಂಧದ ಮೂರನೆಯ ಕರಡನ್ನು ತಿದ್ದುತ್ತಿರುವ ನಾನು ಬಲ್ಲೆ.

ಸಗಣಿಯೇ ಏಕೆ? ಇಲ್ಲಿ ಕನ್ನಡ ವಿಮರ್ಶೆ ಎಚ್ಚರದಿಂದ ಹೆಜ್ಜೆಯಿಡಬೇಕು. ನಮ್ಮಲ್ಲಿ ಸಗಣಿ, ಕುಂಕುಮ, ಬೀಸುವ ಕಲ್ಲು ಎಂದೊಡನೆ ‘ದೇಸಿ’ ಎಂಬ ಶಬ್ದ ತಾನಾಗಿಯೇ ಬಾಯಿಗೆ ಬರುತ್ತದೆ. ದೇಸಿಯ ಮರುಶೋಧ, ಬೇರುಗಳ ಹುಡುಕಾಟ ಮೊದಲಾದ ಮಾತುಗಳಲ್ಲಿ ಕೃತಿಯನ್ನು ಸುತ್ತಿಟ್ಟುಬಿಡುವುದು ಸುಲಭ. ಆದರೆ ಹಸುವಿನ ಪಾವಿತ್ರ್ಯ ರಾಜಕೀಯದ ಘೋಷಣೆಯಾಗಿದ್ದ ಕಾಲದಲ್ಲಿ ಹಸುವಿನ ಸಗಣಿಯನ್ನು ಕಲಾಶಾಲೆಗೆ ತರುವುದು ಬೇರುಗಳ ಸಂಭ್ರಮವಾಗಿರಲು ಸಾಧ್ಯವಿಲ್ಲ. ಸಗಣಿ ಪೂಜೆಗೆ ಸಲ್ಲುತ್ತದೆ, ಒಲೆಗೂ ಸಲ್ಲುತ್ತದೆ. ನೆಲ ಸಾರಿಸಲು, ಗೋಡೆ ಮೆತ್ತಲು, ಗೊಬ್ಬರಕ್ಕೆ ಬೇಕು. ಅದನ್ನು ಬಾಚಿ, ತಟ್ಟಿ, ಒಣಗಿಸಿ, ಹೊತ್ತವರು ಹೆಚ್ಚಾಗಿ ಹೆಂಗಸರು. ಶೀಲಾ ಗೌಡರು ಸಗಣಿಯ ಪವಿತ್ರ ಅರ್ಥವನ್ನು ನಿರಾಕರಿಸುವುದೂ ಇಲ್ಲ, ಅದಕ್ಕೆ ಕೈಮುಗಿಯುವುದೂ ಇಲ್ಲ. ಅದನ್ನು ಮತ್ತೆ ಕೈಕೆಲಸದ ಮಟ್ಟಕ್ಕೆ, ಮೈದಣಿವಿನ ಮಟ್ಟಕ್ಕೆ ಇಳಿಸುತ್ತಾರೆ. 1996ರ ‘ಮಾರ್ಟರ್ ಲೈನ್’ ಕೃತಿಯಲ್ಲಿ ಸಗಣಿಯ ಇಟ್ಟಿಗೆಗಳು ನೆಲದ ಮೇಲೆ ಬಾಗಿದ ಸಾಲಾಗಿ ಹರಿಯುತ್ತವೆ. ಅವುಗಳ ಸಂದಿನಲ್ಲಿ ಗಾರೆಯಿರಬೇಕಾದ ಕಡೆ ಕುಂಕುಮ ತುಂಬಿದೆ. ಅದು ಮಾಂಗಲ್ಯವೋ ಗಾಯವೋ ಎಂದು ನೋಡುಗ ತೀರ್ಮಾನಿಸಲಾರ.

ಈ ಸಂದರ್ಭದಲ್ಲಿ ಕನ್ನಡದ ಒಂದು ಶಬ್ದ ನಮ್ಮ ನೆರವಿಗೆ ಬರುತ್ತದೆ. ಕಾವ್ಯವಿಮರ್ಶೆಯಲ್ಲಿ ‘ವಸ್ತು’ ಎಂದರೆ ಕೃತಿಯ ವಿಷಯ. ನಿತ್ಯದ ಮಾತಿನಲ್ಲಿ ‘ವಸ್ತು’ ಎಂದರೆ ಕೈಗೆ ಸಿಗುವ ಪದಾರ್ಥ. ಸಾಮಾನ್ಯವಾಗಿ ಚಿತ್ರಕಲೆಯಲ್ಲಿ ಇವೆರಡು ಬೇರೆಬೇರೆ. ಬಣ್ಣ ಪದಾರ್ಥ, ಯುದ್ಧವೋ ವಿರಹವೋ ವಿಷಯ. ಸಗಣಿಯ ಕೃತಿಗಳಿಂದಾಚೆಗೆ ಶೀಲಾ ಗೌಡರಲ್ಲಿ ಈ ಎರಡು ಅರ್ಥಗಳು ಒಂದಾಗಿವೆ ಎಂಬುದು ನನ್ನ ಗ್ರಹಿಕೆ. ಯಾವುದರಿಂದ ಮಾಡಿದೆಯೋ ಅದರ ಕುರಿತೇ ಕೃತಿಯಿದೆ.

1998ರಲ್ಲಿ ರೂಪುಗೊಂಡು ಮುಂದೆಯೂ ಹಲವು ಬಾರಿ ಮರುರಚನೆಗೊಂಡ ‘ಆಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಇದಕ್ಕೆ ಅತ್ಯುತ್ತಮ ನಿದರ್ಶನ. ಉದ್ದನೆಯ ದಾರಗಳನ್ನು ಒಂದೊಂದು ಸೂಜಿಯ ಕಣ್ಣಿಗೆ ಪೋಣಿಸಿ, ಸೂಜಿ ನಡುವೆ ನಿಲ್ಲುವಂತೆ ಎಳೆದು, ಎಳೆಗಳನ್ನೆಲ್ಲ ಒಟ್ಟುಗೂಡಿಸಿ, ಕುಂಕುಮ ಬೆರೆಸಿದ ಅಂಟು ಹಚ್ಚಿ ಹುರಿಯಾಗಿಸಲಾಗಿದೆ. ಈ ಕೆಂಪು ಹುರಿ ಗೋಡೆಯ ಮೇಲೆ ಜೋತು, ನೆಲದ ಮೇಲೆ ಸುರುಳಿಸುತ್ತಿ ಕೋಣೆಯನ್ನು ಆವರಿಸುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ದೂರದಿಂದ ಅದು ಹೊಕ್ಕುಳಬಳ್ಳಿಯಂತೆ, ಕರುಳಿನಂತೆ ಕಾಣುತ್ತದೆ. ಹತ್ತಿರ ಹೋದಾಗ ಪ್ರತಿಯೊಂದು ಎಳೆಯೂ ಒಂದು ಸೂಜಿಯ ಕಣ್ಣನ್ನು ಹಾದು ಬಂದಿದೆ ಎಂಬುದು ಹೊಳೆಯುತ್ತದೆ. ಶೀರ್ಷಿಕೆ ಹೇಳುವ ನೋವನ್ನು ಚಿತ್ರವೊಂದು ‘ತೋರಿಸು’ತ್ತಿಲ್ಲ. ಕೃತಿಯನ್ನು ಮಾಡಲು ಹಿಡಿದ ಹೊತ್ತು, ಬಗ್ಗಿದ ಬೆನ್ನು, ಸವೆದ ಬೆರಳು ಇವುಗಳೇ ಅಲ್ಲಿ ಹುರಿಗೊಂಡಿವೆ. ‘ಅವನಿಗೆ’ ಹೇಳು ಎಂದಾಗ ಆ ‘ಅವನು’ ಯಾರೆಂಬುದನ್ನು ಕೃತಿ ಬಿಡಿಸಿ ಹೇಳುವುದಿಲ್ಲ. ನಮ್ಮ ಅಕ್ಕಪಕ್ಕದ ಜನಪದ ಹಾಡುಗಳಲ್ಲಿ ತವರಿಗೆ ಹೋಗುವವರ ಕೈಯಲ್ಲಿ ಹೇಳಿಕಳುಹಿಸುವ ಹೆಣ್ಣಿನ ದನಿಯನ್ನು ಬಲ್ಲವರಿಗೆ ಈ ಶೀರ್ಷಿಕೆ ಇಂಗ್ಲಿಷಿನಲ್ಲಿದ್ದರೂ ಅಪರಿಚಿತವೆನಿಸದು.

ಈ ಬಗೆ ಕೈವಶವಾದ ಮೇಲೆ ಅವರ ನೋಟ ಮನೆಯಿಂದ ಬೀದಿಗೆ ಹೊರಳಿತು. ರಸ್ತೆ ಕೆಲಸದ ಕೂಲಿಕಾರರು ಖಾಲಿ ಡಾಂಬರು ಡ್ರಮ್ಮುಗಳನ್ನು ಬಿಡಿಸಿ ತಗಡಾಗಿಸಿ ಕಟ್ಟಿಕೊಳ್ಳುವ ಗುಡಿಸಲು 2006ರ ‘ಡಾರ್ಕ್‌ರೂಮ್’ಗೆ ಪ್ರೇರಣೆ. ಮುಂದೆ ಕಂಬಗಳಂತೆ ನಿಲ್ಲಿಸಿದ ಡ್ರಮ್ಮುಗಳು ಅರಮನೆಯ ಠೀವಿಯನ್ನು ತಂದರೆ, ತೆವಳಿ ಒಳಗೆ ಹೊಕ್ಕವರಿಗೆ ಕತ್ತಲಲ್ಲಿ ತಗಡಿನ ತೂತುಗಳು ನಕ್ಷತ್ರಗಳಾಗುತ್ತವೆ. ಬಡತನವನ್ನು ಅಂದಗಾಣಿಸುವ ಅಪಾಯ ಇಲ್ಲಿ ಇಲ್ಲವೆನ್ನಲಾರೆ. ಆದರೆ ಬಗ್ಗಿ, ತೆವಳಿ ಹೋಗಲೇಬೇಕಾದ ಆ ಬಾಗಿಲು ನೋಡುಗನನ್ನು ಸುಮ್ಮನೆ ದೂರ ನಿಂತು ಮರುಗಲು ಬಿಡುವುದಿಲ್ಲ. 2008ರ ಇನ್ನೊಂದು ಕೃತಿಯಲ್ಲಿ ಡ್ರಮ್ಮಿನ ತಗಡು, ಟಾರ್ಪಾಲುಗಳ ಜೊತೆಗೆ ಅಭ್ರಕ ಸೇರಿದೆ. ಅದರ ಹೆಸರು ‘ಕಾಗೆಬಂಗಾರ’. ಹೊರನಾಡಿನ ಗ್ಯಾಲರಿಗಳಲ್ಲಿಯೂ ಅದು ಕನ್ನಡದ ಹೆಸರಿನಲ್ಲಿಯೇ ಪ್ರದರ್ಶನಗೊಂಡಿತು. ಅಭ್ರಕವೆಂದರೆ ಖನಿಜವಷ್ಟೇ ತಿಳಿಯುತ್ತದೆ. ಬಂಗಾರವಲ್ಲದ ಹೊಳಪನ್ನು ಕಂಡು ನಗುತ್ತಲೇ ಆಸೆಪಟ್ಟವರ ದನಿಯಿರುವುದು ಕಾಗೆಬಂಗಾರದಲ್ಲಿ.

2009ರ ವೆನಿಸ್ ದ್ವೈವಾರ್ಷಿಕದಲ್ಲಿ ಪ್ರದರ್ಶಿತವಾಗಿ, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ‘ಬಿಹೋಲ್ಡ್’ ಕೃತಿಯ ಮೂಲವನ್ನು ಸಂಪಾಜೆ ಘಾಟಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕುಳಿತವರೂ ಬಲ್ಲರು: ದೃಷ್ಟಿ ತಾಗದಿರಲೆಂದು ಲಾರಿಯ ಬಂಪರಿಗೆ ಕಟ್ಟಿದ ಕರಿಯ ಕೂದಲಿನ ಹಗ್ಗ. ದೇವರಿಗೆ ಮುಡಿ ಕೊಟ್ಟ ಕೂದಲಿನಲ್ಲಿ ಉದ್ದನೆಯದು ವಿಗ್ಗಿನ ಮಾರುಕಟ್ಟೆಗೆ ಹೋಗುತ್ತದೆ, ಗಿಡ್ಡನೆಯದು ಹೀಗೆ ಹಗ್ಗವಾಗುತ್ತದೆ. ಸುಮಾರು 4,000 ಮೀಟರ್ ಉದ್ದದ ಇಂತಹ ಹಗ್ಗದಿಂದ ಅವರು 20 ಉಕ್ಕಿನ ಬಂಪರುಗಳನ್ನು ತೂಗುಹಾಕಿದರು. ಉಕ್ಕನ್ನು ಕಾಯಬೇಕಾದ ಕೂದಲು ಇಲ್ಲಿ ಉಕ್ಕನ್ನು ಹೊರುತ್ತಿದೆ. ಯಂತ್ರವನ್ನೂ ನಂಬದೆ, ದೇವರೊಬ್ಬನನ್ನೇ ನಂಬಿಯೂ ಕೂರದೆ ಬದುಕುವ ನಮ್ಮ ಚಾಲಕರ ಮನಸ್ಸನ್ನು ಇದಕ್ಕಿಂತ ನಿಖರವಾಗಿ ಹಿಡಿದ ಕಥೆಯೊಂದನ್ನು ನಾನಂತೂ ಓದಿಲ್ಲ.

2019ರಲ್ಲಿ ಅವರಿಗೆ ಮರಿಯಾ ಲಾಸ್ನಿಗ್ ಪ್ರಶಸ್ತಿ ದೊರೆಯಿತು. ಅವರ ಕುರಿತ ಬರವಣಿಗೆಯ ಬಹುಪಾಲು ಇಂಗ್ಲಿಷಿನಲ್ಲಿದೆ; ಕೃತಿಯ ವಸ್ತುಗಳ ಹೆಸರುಗಳು ಹುಟ್ಟಿದ ಭಾಷೆಯಲ್ಲಿ ಚರ್ಚೆ ತೀರ ವಿರಳ. ಇದಕ್ಕೆ ಕಲಾವಿಮರ್ಶಕರನ್ನಷ್ಟೇ ದೂರಿ ಫಲವಿಲ್ಲ, ಕನ್ನಡ ವಿಭಾಗಗಳ ಪಠ್ಯಕ್ರಮವೂ ಹೊಣೆ ಹೊರಬೇಕು.

2012ರ ಕೊಚ್ಚಿ ದ್ವೈವಾರ್ಷಿಕಕ್ಕೆ ಅವರು ಕ್ರಿಸ್ಟೋಫ್ ಸ್ಟೋರ್ಜ್ ಅವರೊಡಗೂಡಿ ‘ಸ್ಟಾಪ್‌ಓವರ್’ ಎಂಬ ಕೃತಿಯನ್ನು ರಚಿಸಿದರು. ಮಿಕ್ಸಿ ಬಂದ ಮೇಲೆ ಬೆಂಗಳೂರಿನ ಮನೆಗಳಿಂದ ಹೊರಬಿದ್ದ ರುಬ್ಬುಗುಂಡುಗಳನ್ನು ಕೂಡಿಸಿ, ಒಂದು ಕಾಲಕ್ಕೆ ಮೆಣಸು, ಸಾಂಬಾರ ಪದಾರ್ಥಗಳ ವ್ಯಾಪಾರ ನಡೆದ ಕಡಲತೀರದ ಉಗ್ರಾಣಕ್ಕೆ ತಂದಿಟ್ಟರು. ನಮ್ಮ ಮನೆಯ ರುಬ್ಬುಗುಂಡು ಬಚ್ಚಲಿನ ಹಿಂದೆ, ಕಾಫಿ ಗಿಡದ ಬುಡದಲ್ಲಿದೆ. ಅದನ್ನು ಯಾರೂ ಬಳಸುವುದಿಲ್ಲ. ಎತ್ತಿ ಎಸೆಯೋಣವೆಂದರೆ ಅಮ್ಮ ಇಂದಿಗೂ ಒಪ್ಪುತ್ತಿಲ್ಲ.