ಆಟವೇ ವೃತ್ತಿಯಾದಾಗ

ಶಾಲೆಯ ಕೊನೆಯ ಗಂಟೆ ಬಾರಿಸಿದೊಡನೆ ಬಯಲಿಗೆ ಓಡಲು ಹಂಬಲಿಸದ ಮಕ್ಕಳು ವಿರಳ. ಆದರೆ ಬಾಲ್ಯದ ಆಟವು ಬದುಕಿನ ವೃತ್ತಿಯಾಗುವುದು ಕೆಲವರಿಗೆ ಮಾತ್ರ. ಹೆಣ್ಣುಮಕ್ಕಳ ಪಾಲಿಗಂತೂ ಅದು ಬಹುಕಾಲ ಊಹೆಗೂ ನಿಲುಕದ ಮಾತಾಗಿತ್ತು. ಆ ಮಾತು ನಿಜವಾದ ಬಗೆಯನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಮಲ್ಲಂದೂರಿನ ಕಾಫಿತೋಟಗಳಿಂದ ಹೊರಟು ಚಿಕ್ಕಮಗಳೂರನ್ನು ದಾಟಿ ಪೂರ್ವಕ್ಕೆ ಸಾಗಿದರೆ, ಮಲೆನಾಡಿನ ಹಸಿರು ಹಿಂದೆ ಸರಿದು ತೆಂಗಿನ ತೋಟಗಳ ಬಯಲುಸೀಮೆ ತೆರೆದುಕೊಳ್ಳುತ್ತದೆ. ಅಲ್ಲಿರುವ ಊರೇ ಕಡೂರು. ಕ್ರಿಕೆಟ್ ಆಟಗಾರ್ತಿ ವೇದಾ ಕೃಷ್ಣಮೂರ್ತಿಯವರು 1992ರ ಅಕ್ಟೋಬರ್ 16ರಂದು ಹುಟ್ಟಿದ್ದು ಈ ಊರಿನಲ್ಲಿ.

ವೇದಾ ಅವರ ಸಾಧನೆಯನ್ನು ತಿಳಿಯುವ ಮುನ್ನ ಅವರಿಗೆ ದಾರಿ ತೆರೆದವರನ್ನು ನೆನೆಯಬೇಕು. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು 1976ರಲ್ಲಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಆಡಿದರು. ಆ ತಂಡದ ನಾಯಕಿ ಕರ್ನಾಟಕದವರೇ ಆದ ಶಾಂತಾ ರಂಗಸ್ವಾಮಿ. ಅಂದಿನ ಆಟಗಾರ್ತಿಯರು ಸ್ಥಳ ಕಾಯ್ದಿರಿಸದ ರೈಲುಡಬ್ಬಿಗಳಲ್ಲಿ ಪ್ರಯಾಣ ಮಾಡಿ, ಸಾಮೂಹಿಕ ವಸತಿಗಳಲ್ಲಿ ಮಲಗಿ ಆಡಿದವರು. ಆಟದಿಂದ ಅವರಿಗೆ ಕೀರ್ತಿ ಬಂದಿತೇ ಹೊರತು ಜೀವನೋಪಾಯ ದೊರೆಯಲಿಲ್ಲ. ಮುಂದೆ ಹಲವರಿಗೆ ಆಸರೆಯಾದದ್ದು ರೈಲ್ವೆ ಇಲಾಖೆಯ ನೌಕರಿ. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು ಮಹಿಳಾ ಕ್ರಿಕೆಟ್ಟಿನ ಹೊಣೆಯನ್ನು ವಹಿಸಿಕೊಂಡದ್ದು 2006ರಲ್ಲಿ.

ವೇದಾ ಆಟ ಕಲಿತದ್ದು ಈ ಸಂಧಿಕಾಲದಲ್ಲಿ. ಬಾಲ್ಯದಲ್ಲಿ ಕರಾಟೆ ಕಲಿತ ಅವರ ಮನಸ್ಸನ್ನು ಸೆಳೆದದ್ದು ಬೀದಿಯಲ್ಲಿ ಹುಡುಗರೊಡನೆ ಆಡುತ್ತಿದ್ದ ಕ್ರಿಕೆಟ್. ಮನೆಯವರು ಆ ಆಸೆಗೆ ಅಡ್ಡಿಯಾಗಲಿಲ್ಲ. 2005ರಲ್ಲಿ ಅವರು ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್ ಸೇರಿ, ಇರ್ಫಾನ್ ಸೇಠ್ ಅವರಲ್ಲಿ ಕ್ರಮಬದ್ಧ ತರಬೇತಿ ಪಡೆದರು. ಆಗ ಅವರು ನಿಮಗಿಂತ ಚಿಕ್ಕವರು. ಆರು ವರ್ಷಗಳ ಬಳಿಕ, 2011ರ ಜೂನ್ 30ರಂದು, ಇಂಗ್ಲೆಂಡಿನ ಡರ್ಬಿ ನಗರದಲ್ಲಿ ಭಾರತದ ಪರವಾಗಿ ತಮ್ಮ ಮೊದಲ ಏಕದಿನ ಪಂದ್ಯವನ್ನಾಡಿ 51 ಓಟಗಳನ್ನು ಗಳಿಸಿದರು.

ವೇದಾ ಆಡುತ್ತಿದ್ದುದು ಹೆಚ್ಚಾಗಿ ಮಧ್ಯಮ ಕ್ರಮಾಂಕದಲ್ಲಿ. ಈ ಸ್ಥಾನದ ಕಷ್ಟವನ್ನು ತಿಳಿದರೆ ಮಾತ್ರ ಅವರ ಆಟದ ಬೆಲೆ ತಿಳಿದೀತು. ಏಕದಿನ ಪಂದ್ಯದಲ್ಲಿ ಒಂದು ತಂಡಕ್ಕೆ ದೊರೆಯುವುದು 50 ಓವರು, ಅಂದರೆ 300 ಎಸೆತಗಳು. ಮೊದಲು ಆಡುವವರಿಗೆ ಕಾದು ನೋಡಿ ಆಡುವಷ್ಟು ವ್ಯವಧಾನವಿರುತ್ತದೆ. ಐದನೆಯವರಾಗಿ ಬರುವವರಿಗೆ ಅನೇಕ ವೇಳೆ ಉಳಿದಿರುವುದು ಕೆಲವೇ ಎಸೆತಗಳು. ಬಂದೊಡನೆ ದಾಂಡು ಬೀಸಬೇಕು. ಬೀಸಿದರೆ ಔಟಾಗುವ ಭಯ, ಬೀಸದಿದ್ದರೆ ತಂಡ ಸೋಲುವ ಭಯ. ತನ್ನ ಲೆಕ್ಕವನ್ನು ಮರೆತು ತಂಡದ ಲೆಕ್ಕವನ್ನು ನೆನೆಯುವವರಿಗೆ ಮಾತ್ರ ಈ ಸ್ಥಾನ ಒಪ್ಪುತ್ತದೆ.

ಇದಕ್ಕೆ 2017ರ ವಿಶ್ವಕಪ್ಪೇ ನಿದರ್ಶನ. ಜುಲೈ 15ರಂದು, ಅದೇ ಡರ್ಬಿಯಲ್ಲಿ, ನ್ಯೂಜಿಲೆಂಡನ್ನು ಸೋಲಿಸಿದರೆ ಮಾತ್ರ ಭಾರತಕ್ಕೆ ಮುಂದಿನ ಹಾದಿಯಿತ್ತು. ನಾಯಕಿ ಮಿತಾಲಿ ರಾಜ್ 109 ಓಟ ಗಳಿಸಿದರು. ವೇದಾ ಕೇವಲ 45 ಎಸೆತಗಳಲ್ಲಿ 70 ಓಟ ಗಳಿಸಿದರು. ಬಳಿಕ ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ಓಟಗಳನ್ನಷ್ಟೇ ನೀಡಿ ಐದು ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79 ಓಟಗಳಿಗೆ ಕುಸಿಯಿತು. ಕರ್ನಾಟಕದ ಎರಡು ಊರುಗಳ ಹೆಣ್ಣುಮಕ್ಕಳು ದೂರದೇಶದ ಅಂಗಳದಲ್ಲಿ ಒಂದೇ ದಿನ ಬೆಳಗಿದರು.

ಜುಲೈ 23ರಂದು ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡಿನೊಡನೆ ಅಂತಿಮ ಪಂದ್ಯ. ಭಾರತದ ಗುರಿ 229. ಮೂರು ವಿಕೆಟ್‌ಗಳಿಗೆ 191 ಓಟ ಗಳಿಸಿದ್ದಾಗ ಗೆಲುವು ಕೈಗೆಟಕುವಂತಿತ್ತು. ಆ ಬಳಿಕ ವಿಕೆಟ್‌ಗಳು ಒಂದರ ಹಿಂದೊಂದು ಉರುಳಿದವು. ವೇದಾ 35 ಓಟ ಗಳಿಸಿ ಔಟಾದರು. ಭಾರತ ಸೋತದ್ದು ಕೇವಲ 9 ಓಟಗಳಿಂದ. ಆದರೂ ಆ ದಿನ ದೇಶದ ಅಸಂಖ್ಯ ಮನೆಗಳಲ್ಲಿ ಜನರು ಮಹಿಳೆಯರ ಆಟವನ್ನು ಕಣ್ಣು ಕೀಳದೆ ನೋಡಿದರು. ಕೆಲವು ಸೋಲುಗಳು ಬಿತ್ತಿದ ಬೀಜದಂತೆ. ಅವುಗಳ ಫಲ ತಡವಾಗಿ ಕಾಣುತ್ತದೆ.

ಆಟಗಾರ್ತಿಯರಿಗೆ ಮಂಡಳಿಯ ವಾರ್ಷಿಕ ಒಪ್ಪಂದಗಳು 2015ರಲ್ಲಿಯೇ ಆರಂಭವಾಗಿದ್ದವು. 2022ರಲ್ಲಿ ಪುರುಷರಿಗೂ ಮಹಿಳೆಯರಿಗೂ ಪಂದ್ಯಶುಲ್ಕ ಸಮನಾಯಿತು: ಟೆಸ್ಟ್ ಪಂದ್ಯಕ್ಕೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಇಪ್ಪತ್ತು ಓವರುಗಳ ಪಂದ್ಯಕ್ಕೆ 3 ಲಕ್ಷ ರೂಪಾಯಿ. 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಮೊದಲಾಯಿತು.

ಆದರೆ ವೇದಾ ಅವರ ಬದುಕಿನಲ್ಲಿ ಕಾಲ ಬೇರೆ ಬಗೆಯಲ್ಲಿ ತಿರುಗಿತ್ತು. 2020ರ ಮಾರ್ಚ್ 8ರಂದು ಮೆಲ್ಬರ್ನ್‌ನಲ್ಲಿ ನಡೆದ ಇಪ್ಪತ್ತು ಓವರುಗಳ ವಿಶ್ವಕಪ್ಪಿನ ಅಂತಿಮ ಪಂದ್ಯವೇ ಭಾರತದ ಪರವಾಗಿ ಅವರ ಕೊನೆಯ ಪಂದ್ಯವಾಯಿತು. ಮರುವರ್ಷ ಕೋವಿಡ್ ಮಹಾಮಾರಿಯು ಕೆಲವೇ ದಿನಗಳ ಅಂತರದಲ್ಲಿ ಅವರ ತಾಯಿಯನ್ನೂ ಅಕ್ಕನನ್ನೂ ಕಸಿದುಕೊಂಡಿತು. ಇಂಥ ದುಃಖದಲ್ಲಿ ದಾಂಡನ್ನು ಮೂಲೆಗಿಟ್ಟರೂ ಯಾರೂ ತಪ್ಪೆನ್ನುತ್ತಿರಲಿಲ್ಲ. ವೇದಾ ಮತ್ತೆ ಅಂಗಳಕ್ಕಿಳಿದರು. 2024ರಲ್ಲಿ ಗುಜರಾತ್ ಜೈಂಟ್ಸ್ ತಂಡದ ಪರವಾಗಿ ಪ್ರೀಮಿಯರ್ ಲೀಗ್‌ನಲ್ಲಿ ಆಡಿದರು. 2025ರ ಜುಲೈನಲ್ಲಿ ನಿವೃತ್ತಿ ಘೋಷಿಸಿದರು. ಅಷ್ಟರಲ್ಲಿ ಭಾರತಕ್ಕಾಗಿ 48 ಏಕದಿನ ಪಂದ್ಯಗಳಲ್ಲಿ 829 ಓಟಗಳನ್ನೂ, 76 ಇಪ್ಪತ್ತು ಓವರುಗಳ ಪಂದ್ಯಗಳಲ್ಲಿ 875 ಓಟಗಳನ್ನೂ ಗಳಿಸಿದ್ದರು. ವೀಕ್ಷಕ ವಿವರಣೆಗಾರ್ತಿಯಾಗಿಯೂ ಅವರು ಆಟದ ಸೇವೆಯಲ್ಲಿ ತೊಡಗಿದ್ದಾರೆ.

ಅವರು ನಿವೃತ್ತರಾದ ಕೆಲವೇ ತಿಂಗಳಲ್ಲಿ, 2025ರ ನವೆಂಬರ್ 2ರಂದು, ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು ಸೋಲಿಸಿ ಏಕದಿನ ವಿಶ್ವಕಪ್ಪನ್ನು ಮೊದಲ ಬಾರಿಗೆ ಗೆದ್ದರು. ಲಾರ್ಡ್ಸ್‌ನಲ್ಲಿ ವೇದಾರೊಡನೆ ಸೋಲುಂಡಿದ್ದ ಹರ್ಮನ್‌ಪ್ರೀತ್ ಕೌರ್, ಸ್ಮೃತಿ ಮಂಧಾನ, ದೀಪ್ತಿ ಶರ್ಮ ಈ ತಂಡದಲ್ಲಿದ್ದರು. ವೇದಾ ಇರಲಿಲ್ಲ. ಕಾಫಿಯ ಗಿಡ ನೆಟ್ಟೊಡನೆ ಹಣ್ಣು ಕೊಡುವುದಿಲ್ಲ. ನೆಟ್ಟ ಕೈಗಳೇ ಕೊಯ್ಯಬೇಕೆಂಬ ನಿಯಮವೂ ಇಲ್ಲ. ಶಾಂತಾ ರಂಗಸ್ವಾಮಿಯವರ ತಲೆಮಾರು ಕಡಿದ ದಾರಿಯಲ್ಲಿ ವೇದಾ ನಡೆದರು. ಅವರು ಅಗಲಗೊಳಿಸಿದ ದಾರಿಯಲ್ಲಿ ಇಂದಿನವರು ಓಡುತ್ತಿದ್ದಾರೆ. ಆ ದಾರಿಯ ಮೊದಲ ಮೆಟ್ಟಿಲು ನಮ್ಮ ಶಾಲೆಯ ಬಯಲಿನಲ್ಲಿಯೂ ಇದೆ. ಅಲ್ಲಿ ಹುಡುಗಿಯೊಬ್ಬಳು ದಾಂಡು ಕೇಳಿದರೆ, ಅದನ್ನು ಸಂತೋಷದಿಂದ ಅವಳ ಕೈಗಿಡುವುದು ನಮ್ಮೆಲ್ಲರ ಕರ್ತವ್ಯ.